ಆಟೋಮ್ಯಾಟಿಕ್ ಕಾರು ಓಡುವಾಗ ಅದುರುತ್ತಿದೆಯಾ? ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ನೋಡಬೇಕಾದ್ದು

ಹೈವೇಯಲ್ಲಿ 60–70 ಕಿ.ಮೀ. ವೇಗದಲ್ಲಿ ಆರಾಮಾಗಿ ಹೋಗುತ್ತಿರುತ್ತೀರಿ. ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿದೆ. ಇದ್ದಕ್ಕಿದ್ದಂತೆ ಗಾಡಿ ಒಂದೆರಡು ಸೆಕೆಂಡ್ ಬರ್ರ್ ಎಂದು ಅದುರುತ್ತದೆ. ಟೋಲ್ ಗೇಟ್ ಹತ್ತಿರದ ರಂಬಲ್ ಸ್ಟ್ರಿಪ್ ಮೇಲೆ ಹೋದ ಹಾಗೆ ಅನಿಸುತ್ತದೆ. ರಸ್ತೆ ನೋಡಿದರೆ ನುಣ್ಣಗಿದೆ. ಕಾಲು ಸ್ವಲ್ಪ ಎತ್ತಿದರೂ ನಿಲ್ಲುತ್ತದೆ, ಜೋರಾಗಿ ಒತ್ತಿದರೂ ನಿಲ್ಲುತ್ತದೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಬರುತ್ತದೆ.

ಮೆಕ್ಯಾನಿಕ್‌ಗಳು ಇದನ್ನು ಶಡರ್ ಅನ್ನುತ್ತಾರೆ. ಗ್ಯಾರೇಜಿಗೆ ಹೋಗಿ ಹೀಗೆ ಅಂದರೆ "ಗೇರ್‌ಬಾಕ್ಸ್ ಇಳಿಸಿ ಓವರ್‌ಹಾಲ್ ಮಾಡಬೇಕು" ಅನ್ನುವ ಮಾತು ಬಹಳ ಬೇಗ ಬಂದುಬಿಡುತ್ತದೆ. ಅಷ್ಟು ಬೇಗ ಒಪ್ಪಬೇಡಿ. ಇದೇ ತರಹದ ನಡುಕ ಸವೆದ ಸ್ಪಾರ್ಕ್ ಪ್ಲಗ್‌ನಿಂದ ಬರಬಹುದು, ಎಂಜಿನ್ನನ್ನು ಹಿಡಿದಿಡುವ ಮೌಂಟಿಂಗ್ ಹರಿದು ಬರಬಹುದು, ಚಕ್ರ ತಿರುಗಿಸುವ ಆಕ್ಸಲ್‌ನ ಜಾಯಿಂಟ್‌ನಿಂದಲೂ ಬರಬಹುದು. ನಿಜವಾಗಿ ಗೇರ್‌ಬಾಕ್ಸ್‌ದೇ ಆಗಿದ್ದರೂ ಎಷ್ಟೋ ಸಲ ಸರಿಯಾದ ಆಯಿಲ್ ಬದಲಾಯಿಸಿದರೆ ಸರಿಹೋಗುತ್ತದೆ. ಹಾಗಾಗಿ ಮೊದಲು ಪತ್ತೆ ಮಾಡಬೇಕಾದ್ದು ಒಂದೇ: ಅದು ಸರಿಯಾಗಿ ಯಾವಾಗ ಅದುರುತ್ತದೆ? ಯಾವ ವೇಗ, ಎಷ್ಟು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು), ಯಾವ ಗೇರ್, ಗಾಡಿ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಕಾಲು ಒತ್ತಿದಾಗಲೋ ಬಿಟ್ಟಾಗಲೋ. ಈ ಉತ್ತರ ಸಿಕ್ಕರೆ ಯಾವ ಭಾಗ ನೋಡಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ನಿಮ್ಮದು ಯಾವ ಆಟೋಮ್ಯಾಟಿಕ್?

ನಮ್ಮಲ್ಲಿ ಕ್ಲಚ್ ಪೆಡಲ್ ಇಲ್ಲದ ಕಾರಿಗೆಲ್ಲ ಆಟೋಮ್ಯಾಟಿಕ್ ಅಂತಲೇ ಅನ್ನುತ್ತೇವೆ. ಒಳಗೆ ಮಾತ್ರ ನಾಲ್ಕು ಬೇರೆ ಬೇರೆ ಯಂತ್ರಗಳಿವೆ. ಇನ್ನೋವಾ ಕ್ರಿಸ್ಟಾದಲ್ಲಿ ಇರುವುದು ಟಾರ್ಕ್ ಕನ್ವರ್ಟರ್. ಹೋಂಡಾ ಸಿಟಿ, ಅಮೇಜ್ ಪೆಟ್ರೋಲ್‌ನಲ್ಲಿ ಸಿವಿಟಿ. 1.2 ಲೀಟರ್ ಎಂಜಿನ್ನಿನ ಪೋಲೊ ಜಿಟಿ ಟಿಎಸ್‌ಐನಲ್ಲಿ ಎರಡು ಕ್ಲಚ್ಚಿನ ಡಿಸಿಟಿ, ಫೋಕ್ಸ್‌ವ್ಯಾಗನ್ ಅದನ್ನು ಡಿಎಸ್‌ಜಿ ಅನ್ನುತ್ತದೆ. 2014ರಲ್ಲಿ ಸೆಲೆರಿಯೋ ಜೊತೆ ಬಂದದ್ದು ಎಎಂಟಿ. ಮಾರುತಿ ಇದಕ್ಕೆ ಎಜಿಎಸ್ ಅನ್ನುತ್ತದೆ. ಒಂದೇ ಮಾಡೆಲ್‌ನಲ್ಲಿ ಎಂಜಿನ್ ಬದಲಾದರೆ ಗೇರ್‌ಬಾಕ್ಸ್ ಕೂಡ ಬದಲಾಗಬಹುದು. ಆದ್ದರಿಂದ ಕಾರಿನ ಜೊತೆ ಬಂದ ಪುಸ್ತಕ ತೆಗೆದು ನೋಡಿ. ಮೇಲೆ ಹೇಳಿದ, ಹೈವೇಯಲ್ಲಿ ಸಣ್ಣಗೆ ಬಂದು ಹೋಗುವ ಶಡರ್ ಹೆಚ್ಚಾಗಿ ಟಾರ್ಕ್ ಕನ್ವರ್ಟರ್ ಗಾಡಿಯದು. ಅದನ್ನೇ ವಿವರವಾಗಿ ನೋಡೋಣ. ಉಳಿದವು ಆಮೇಲೆ.

ಒಳಗೆ ಏನಾಗುತ್ತಿದೆ

ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಆಯಿಲ್ ಇರುತ್ತದೆ. ಎಂಜಿನ್ ಆಯಿಲನ್ನು ತಿರುಗಿಸುತ್ತದೆ, ಆಯಿಲ್ ಗೇರ್‌ಬಾಕ್ಸನ್ನು ತಿರುಗಿಸುತ್ತದೆ. ಸಿಗ್ನಲ್‌ನಲ್ಲಿ ಗಾಡಿ ನಿಂತರೂ ಎಂಜಿನ್ ಬಂದ್ ಆಗದೆ ಇರುವುದು ಇದರಿಂದಲೇ. ಆದರೆ ಆಯಿಲ್ ಜಾರುವಷ್ಟು ಪೆಟ್ರೋಲ್ ವ್ಯರ್ಥ, ಶಾಖವೂ ಜಾಸ್ತಿ. ಅದಕ್ಕೆ ಕನ್ವರ್ಟರ್ ಒಳಗೆ ಒಂದು ಲಾಕ್‌ಅಪ್ ಕ್ಲಚ್ ಇಟ್ಟಿರುತ್ತಾರೆ. ಗಾಡಿ ಒಂದೇ ವೇಗದಲ್ಲಿ ಹೋಗುವಾಗ ಈ ಕ್ಲಚ್ ಹಿಡಿದುಕೊಂಡು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಜೋಡಿಸುತ್ತದೆ. ಹಳೆಯ 4 ಸ್ಪೀಡ್ ಗಾಡಿಗಳಲ್ಲಿ ಇದು ಮೇಲಿನ ಗೇರ್‌ನಲ್ಲಿ ಮಾತ್ರ ಹಿಡಿಯುತ್ತಿತ್ತು. ಮೈಲೇಜ್ ಜಾಸ್ತಿ ಬರಲಿ ಅಂತ ಈಗಿನ 6 ಸ್ಪೀಡ್, 8 ಸ್ಪೀಡ್ ಗಾಡಿಗಳಲ್ಲಿ ಕಡಿಮೆ ಗೇರ್‌ನಲ್ಲೇ ಹಿಡಿಯುತ್ತದೆ. ಅದರಲ್ಲೂ ಪೂರ್ತಿ ಹಿಡಿಯದೆ, 20–80 ಆರ್‌ಪಿಎಂ ವ್ಯತ್ಯಾಸ ಇಟ್ಟುಕೊಂಡು ಬೇಕಂತಲೇ ಸ್ವಲ್ಪ ಜಾರಿಸುತ್ತಾರೆ. ಎಂಜಿನ್ನಿನ ಸದ್ದು, ಕಂಪನ ಒಳಗೆ ಕೂತವರಿಗೆ ಗೊತ್ತಾಗದಿರಲಿ ಅಂತ ಈ ವ್ಯವಸ್ಥೆ.

ಹೀಗೆ ಜಾರುತ್ತಲೇ ನಯವಾಗಿ ಹಿಡಿಯಬೇಕು ಅಂದರೆ ಆಯಿಲ್‌ನಲ್ಲಿ ಅದಕ್ಕೆಂದೇ ಬೆರೆಸಿದ ರಾಸಾಯನಿಕಗಳು ಕೆಲಸ ಮಾಡಬೇಕು. ಶಾಖಕ್ಕೆ, ವಯಸ್ಸಿಗೆ, ತೇವಕ್ಕೆ ಇವು ಶಕ್ತಿ ಕಳೆದುಕೊಳ್ಳುತ್ತವೆ. ಆಗ ಕ್ಲಚ್ ಗಕ್ಕನೆ ಹಿಡಿಯುತ್ತದೆ, ಮರುಕ್ಷಣ ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟೋ ಸಲ ಹೀಗಾಗುತ್ತದೆ. ನಿಮ್ಮ ಸೀಟಿಗೆ ತಟ್ಟುವ ಬರ್ರ್ ಇದೇ. ಕಾಲು ಜೋರಾಗಿ ಒತ್ತಿದರೆ ಕಂಪ್ಯೂಟರ್ ಲಾಕ್‌ಅಪ್ ಬಿಡಿಸುತ್ತದೆ ಅಥವಾ ಗೇರ್ ಇಳಿಸುತ್ತದೆ, ನಡುಕ ಮಾಯ. ಕಾಲು ಎತ್ತಿದರೆ ಕ್ಲಚ್ ಮೇಲಿನ ಹೊರೆ ಇಳಿಯುತ್ತದೆ, ಆಗಲೂ ಮಾಯ. ಹಗುರವಾದ ಕಾಲಿನಲ್ಲಿ ಮಾತ್ರ ಕಾಡುವುದಕ್ಕೆ ಕಾರಣ ಇಷ್ಟೇ.

ರಸ್ತೆಯಲ್ಲಿ ಮಾಡುವ ಪರೀಕ್ಷೆ

ಜೊತೆಗೆ ಒಬ್ಬರನ್ನು ಕೂರಿಸಿಕೊಳ್ಳಿ. ನೀವು ಗಾಡಿ ಓಡಿಸಿ, ಅವರು ವೇಗ, ಆರ್‌ಪಿಎಂ ಬರೆದುಕೊಳ್ಳಲಿ. ವಾಹನ ಕಡಿಮೆ ಇರುವ, ಏರಿಳಿತ ಇಲ್ಲದ ರಸ್ತೆ ಬೇಕು. ಬೆಂಗಳೂರಿನವರಾದರೆ ನೈಸ್ ರೋಡಿನಲ್ಲಿ ಬೆಳಿಗ್ಗೆ ಬೇಗ ಹೋಗಿ. ಊರೊಳಗಿನ ಟ್ರಾಫಿಕ್‌ನಲ್ಲಿ ಈ ದೋಷ ಕೈಗೆ ಸಿಗುವುದು ಕಷ್ಟ. ಮೊದಲು ಅರ್ಧ ಗಂಟೆಯಾದರೂ ಓಡಿಸಿ ಗೇರ್‌ಬಾಕ್ಸ್ ಪೂರ್ತಿ ಬಿಸಿಯಾಗಲು ಬಿಡಿ.

60–70ರಲ್ಲಿ ಕಾಲು ಸ್ಥಿರವಾಗಿಟ್ಟು, ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ಮುಳ್ಳು ನೋಡಿ. ಗೇರ್ ಬದಲಾಗದೆಯೇ ಮುಳ್ಳು ಒಂದಿನ್ನೂರು ಆರ್‌ಪಿಎಂ ಕೆಳಗಿಳಿದರೆ ಲಾಕ್‌ಅಪ್ ಹಿಡಿಯಿತು ಅಂತ ಅರ್ಥ. ನಡುಕ ಸರಿಯಾಗಿ ಅಲ್ಲಿಂದ ಶುರುವಾಗುತ್ತಿದೆಯಾ ಗಮನಿಸಿ.

ಈಗ ಮುಖ್ಯವಾದದ್ದು. ಹಿಂದೆ ವಾಹನ ಇಲ್ಲ ಅಂತ ಕನ್ನಡಿಯಲ್ಲಿ ಖಚಿತ ಮಾಡಿಕೊಳ್ಳಿ. ಗಾಡಿ ಅದುರುತ್ತಿರುವಾಗಲೇ, ಆಕ್ಸಿಲರೇಟರ್ ಮೇಲಿನ ಕಾಲು ಹಾಗೇ ಇಟ್ಟು, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಸುಮ್ನೆ ಮುಟ್ಟಿ. ಬ್ರೇಕ್ ಲೈಟ್ ಹತ್ತುವಷ್ಟು ಸಾಕು, ಗಾಡಿ ನಿಧಾನ ಆಗಬಾರದು. ಬಹುತೇಕ ಗಾಡಿಗಳಲ್ಲಿ ಬ್ರೇಕ್ ಸ್ವಿಚ್‌ನಿಂದ ಸಿಗ್ನಲ್ ಹೋದ ಕೂಡಲೇ ಲಾಕ್‌ಅಪ್ ಕ್ಲಚ್ ಬಿಟ್ಟುಕೊಳ್ಳುತ್ತದೆ. ಮುಳ್ಳು ಸ್ವಲ್ಪ ಮೇಲೇರಿ ಅದೇ ಕ್ಷಣ ನಡುಕ ನಿಂತರೆ, ನಿಮ್ಮ ಸಂಶಯ ಲಾಕ್‌ಅಪ್ ಕ್ಲಚ್ ಮೇಲೆ ಗಟ್ಟಿಯಾಗುತ್ತದೆ. ಮುಳ್ಳು ಏರಿದರೂ ನಡುಕ ನಿಲ್ಲಲಿಲ್ಲವೆಂದರೆ ಹುಡುಕಬೇಕಾದ ಜಾಗ ಬೇರೆ. ಎಡಗಾಲಿನಲ್ಲಿ ಬ್ರೇಕ್ ಮುಟ್ಟಿ ಅಭ್ಯಾಸವಿಲ್ಲದವರು ಜೋರಾಗಿ ತುಳಿದುಬಿಡುತ್ತಾರೆ. ಖಾಲಿ ಮೈದಾನದಲ್ಲಿ ನಿಧಾನಕ್ಕೆ ಅಭ್ಯಾಸ ಮಾಡಿಕೊಂಡೇ ಇದಕ್ಕೆ ಇಳಿಯಿರಿ. ಪಕ್ಕದಲ್ಲಿ ಪ್ರಯಾಣಿಕರು ಬೆಲ್ಟ್ ಹಾಕಿರಲಿ.

ಇನ್ನೊಂದು ಪರೀಕ್ಷೆ ಇದೆ. ನಡುಕ ಬರುವ ಅದೇ ವೇಗದಲ್ಲಿ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ಒಂದು ಗೇರ್ ಇಳಿಸಿ. ವೇಗ ಅಷ್ಟೇ ಇದೆ, ಆರ್‌ಪಿಎಂ ಮಾತ್ರ ಏರಿದೆ. ನಡುಕ ಹೋದರೆ ಅದು ಎಂಜಿನ್ನಿನದ್ದು ಅಥವಾ ಕನ್ವರ್ಟರ್‌ದು. ಹೋಗದಿದ್ದರೆ ಅದು ರಸ್ತೆಯ ವೇಗಕ್ಕೆ ಅಂಟಿಕೊಂಡ ನಡುಕ. ಚಕ್ರ, ಆಕ್ಸಲ್, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕಡೆ ನೋಡಬೇಕು.

ಎಂಜಿನ್ ಮಿಸ್ ಹೊಡೆಯುತ್ತಿದೆಯಾ?

ಇಲ್ಲಿ ಬಹಳ ಜನ ಎಡವುತ್ತಾರೆ, ಮೆಕ್ಯಾನಿಕ್‌ಗಳೂ ಸೇರಿ. ಬ್ರೇಕ್ ಮುಟ್ಟಿದಾಗ ನಡುಕ ನಿಂತಿತು ಅಂದ ಮಾತ್ರಕ್ಕೆ ತೀರ್ಪು ಕೊಡುವ ಹಾಗಿಲ್ಲ. ಲಾಕ್‌ಅಪ್ ಹಿಡಿದಾಗ ಎಂಜಿನ್ನಿನ ಒಂದೊಂದು ಬಡಿತವೂ ನೇರವಾಗಿ ಗಾಡಿಗೆ ಬರುತ್ತದೆ. ಬಿಟ್ಟಾಗ ನಡುವಿನ ಆಯಿಲ್ ಅದನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಒಂದು ಸಿಲಿಂಡರ್ ಸಣ್ಣದಾಗಿ ಮಿಸ್ ಹೊಡೆಯುತ್ತಿದ್ದರೂ, ಅಂದರೆ ಇಂಧನ ಸರಿಯಾಗಿ ಉರಿಯದೆ ಬಡಿತ ತಪ್ಪುತ್ತಿದ್ದರೂ, ಲಾಕ್‌ಅಪ್ ಬಿಟ್ಟಾಗ ಅದು ಗೊತ್ತಾಗದೆ ಹೋಗಬಹುದು. ಗೇರ್‌ಬಾಕ್ಸ್ ಮೇಲೆ ಸುಳ್ಳು ಆರೋಪ ಬರುವುದು ಇಲ್ಲೇ.

ಎರಡರ ಗುಣವೂ ಬೇರೆ. ಕನ್ವರ್ಟರ್ ನಡುಕ ಸಣ್ಣದು, ಒಂದೇ ಸಮ, ವೇಗವಾದದ್ದು. ಮಿಸ್ ಹೊಡೆಯುವುದು ಕುಕ್ಕಿದ ಹಾಗೆ, ಲಯ ತಪ್ಪಿದ ಹಾಗೆ ಇರುತ್ತದೆ. ಜೋರು ಏರಿನಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಶಿರಾಡಿ ಘಾಟಿಯಲ್ಲಿ ಸಕಲೇಶಪುರದ ಕಡೆಗೆ ಹತ್ತುವಾಗ ಕಾಲು ಒತ್ತಿದಷ್ಟೂ ನಡುಕ ಹೆಚ್ಚಾದರೆ ಎಂಜಿನ್ ನೋಡಿ. ಹತ್ತುವಾಗ ಏನೂ ಇಲ್ಲ, ಮೇಲೆ ಹೋಗಿ ಸಮತಟ್ಟು ರಸ್ತೆಯಲ್ಲಿ ಹಗುರವಾಗಿ ಹೋಗುವಾಗ ಅದುರಿತು ಅಂದರೆ ಕನ್ವರ್ಟರ್ ನೋಡಿ. ಚೆಕ್ ಎಂಜಿನ್ ಲೈಟ್ ಮಿಣುಕುತ್ತಿದ್ದರೆ ಅದು ಜೋರಾದ ಮಿಸ್‌ಫೈರ್‌ನ ಗುರುತು. ಉರಿಯದ ಪೆಟ್ರೋಲ್ ಹೋಗಿ ಸೈಲೆನ್ಸರ್ ದಾರಿಯಲ್ಲಿರುವ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತದೆ. ಆಗ ಗಾಡಿ ಓಡಿಸುತ್ತಾ ಇರಬೇಡಿ.

ಗಾಡಿಯ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗ ಪಿ0300 ಅಥವಾ ಪಿ0301ರಿಂದ ಪಿ0304ರ ಒಳಗಿನ ಕೋಡ್ ಬಂದರೆ ಮಿಸ್‌ಫೈರ್. ಕೊನೆಯ ಅಂಕಿ ಯಾವ ಸಿಲಿಂಡರ್ ಅಂತ ಹೇಳುತ್ತದೆ. ಪಿ0302 ಬಂದಿದೆ ಅಂದುಕೊಳ್ಳಿ. 2ನೇ ಸಿಲಿಂಡರ್‌ನ ಪ್ಲಗ್‌ಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ತೆಗೆದು 3ನೆಯದಕ್ಕೆ ಹಾಕಿ, 3ನೆಯದನ್ನು ಇಲ್ಲಿಗೆ ಹಾಕಿ, ಕೋಡ್ ಅಳಿಸಿ ಮತ್ತೆ ಓಡಿಸಿ. ಕೋಡ್ ಪಿ0303 ಆದರೆ ಕಾಯಿಲ್ ಹೋಗಿದೆ. 0302 ಆಗಿಯೇ ಉಳಿದರೆ ಪ್ಲಗ್, ಇಂಧನ ಚಿಮ್ಮಿಸುವ ಇಂಜೆಕ್ಟರ್ ನೋಡಿ. ಖರ್ಚಿಲ್ಲದ ಪರೀಕ್ಷೆ ಇದು. ಕೋಡ್ ಬಾರದೆಯೂ ಸಣ್ಣ ಮಿಸ್‌ಫೈರ್ ಇರಬಹುದು. ಒಳ್ಳೆಯ ಸ್ಕ್ಯಾನರ್ ಸಿಲಿಂಡರ್ ಲೆಕ್ಕದಲ್ಲಿ ಮಿಸ್‌ಫೈರ್ ಎಣಿಕೆ ತೋರಿಸುತ್ತದೆ, ಅದನ್ನು ಕೇಳಿ. ಪ್ಲಗ್ ಬದಲಾಯಿಸುವ ಸಮಯ ಮೀರಿದ್ದರೆ ಬೇರೆ ಯೋಚನೆಯೇ ಬೇಡ, ಮೊದಲು ಪ್ಲಗ್ ಹಾಕಿಸಿ. ಗೇರ್‌ಬಾಕ್ಸ್ ಕೆಲಸದ ಮುಂದೆ ಆ ಖರ್ಚು ಏನೇನೂ ಅಲ್ಲ. ಡೀಸೆಲ್ ಗಾಡಿಯಲ್ಲಿ ಪ್ಲಗ್ ಬದಲಿಗೆ ಇಂಜೆಕ್ಟರ್, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಸಿಕ್ಕಿಕೊಂಡಿದೆಯಾ ಅಂತ ಪರೀಕ್ಷಿಸಬೇಕು.

ಚಕ್ರ ಮತ್ತು ಆಕ್ಸಲ್ ಕಡೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. 80 ದಾಟಿದ ಮೇಲೆ ಸ್ಟೀರಿಂಗ್ ನಡುಗಿ, ಕಾಲು ಬಿಟ್ಟರೂ ಒತ್ತಿದರೂ ಒಂದೇ ತರಹ ಇದ್ದರೆ ವೀಲ್ ಬ್ಯಾಲೆನ್ಸ್. ಬ್ರೇಕ್ ಹಿಡಿದಾಗ ಮಾತ್ರ ಅದುರಿದರೆ ಬ್ರೇಕ್ ಡಿಸ್ಕ್. ಮುಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಕಾಲು ಒತ್ತಿ ವೇಗ ಏರಿಸುವಾಗ ಅಕ್ಕಪಕ್ಕ ವಾಲಾಡಿದ ಹಾಗೆ ಅದುರಿ, ಕಾಲು ಬಿಟ್ಟ ತಕ್ಷಣ ನಿಂತರೆ ಆಕ್ಸಲ್‌ನ ಒಳಬದಿಯ ಜಾಯಿಂಟ್. ಇನ್ನೋವಾ ಕ್ರಿಸ್ಟಾ, ಫಾರ್ಚೂನರ್‌ನಂಥ ಹಿಂದಿನ ಚಕ್ರ ಎಳೆಯುವ ಗಾಡಿ ನಿಂತಲ್ಲಿಂದ ಹೊರಡುವಾಗ ಅದುರಿದರೆ ಪ್ರೊಪೆಲ್ಲರ್ ಶಾಫ್ಟ್‌ನ ಜಾಯಿಂಟ್ ಮತ್ತು ನಡುವಿನ ಬೇರಿಂಗ್. ಸಿಗ್ನಲ್‌ನಲ್ಲಿ ಡಿ ಹಾಕಿ ಬ್ರೇಕ್ ಹಿಡಿದು ನಿಂತಾಗ ಗಾಡಿ ಗಡಗಡ ಅಂದು, ನ್ಯೂಟ್ರಲ್‌ಗೆ ಹಾಕಿದರೆ ಕಡಿಮೆಯಾದರೆ ಎಂಜಿನ್ ಮೌಂಟಿಂಗ್ ನೋಡಿಸಿ.

ಸ್ಕ್ಯಾನರ್‌ನಲ್ಲಿ ನೋಡಬೇಕಾದ ಅಂಕಿ

ಕಾರಿನ ಸ್ಕ್ಯಾನರ್ ಸಾಕೆಟ್‌ಗೆ ಚುಚ್ಚಿ ಫೋನಿಗೆ ಜೋಡಿಸುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಇದ್ದರೆ ಕೋಡ್ ಓದುವುದು ಮನೆಯಲ್ಲೇ ಆಗುತ್ತದೆ. ಆದರೆ ಅಗ್ಗದ್ದು ಎಂಜಿನ್ ಕಂಪ್ಯೂಟರನ್ನು ಮಾತ್ರ ಓದುತ್ತದೆ. ಗೇರ್‌ಬಾಕ್ಸ್ ಕಂಪ್ಯೂಟರ್ ಓದಲು ಆ ಕಂಪನಿಯ ಗಾಡಿಗೆ ಹೊಂದುವ ಸ್ಕ್ಯಾನರ್ ಬೇಕು. ಪಿ0700 ಬಂದಿದ್ದರೆ "ಗೇರ್‌ಬಾಕ್ಸ್ ಕಂಪ್ಯೂಟರ್‌ನಲ್ಲಿ ಬೇರೆ ಕೋಡ್ ಇದೆ, ಅಲ್ಲಿ ನೋಡು" ಅಂತ ಅರ್ಥ. ಪಿ0740 ಲಾಕ್‌ಅಪ್ ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಸರ್ಕ್ಯೂಟಿನದು. ಪಿ0741 ಲಾಕ್‌ಅಪ್ ಸರಿಯಾಗಿ ಹಿಡಿಯುತ್ತಿಲ್ಲ ಅನ್ನುವುದು. ಪಿ0742 ಬಿಡುತ್ತಿಲ್ಲ ಅನ್ನುವುದು. ಪಿ0218 ಗೇರ್‌ಬಾಕ್ಸ್ ವಿಪರೀತ ಬಿಸಿಯಾದದ್ದು.

ಶಡರ್ ಶುರುವಿನ ದಿನಗಳಲ್ಲಿ ಯಾವ ಕೋಡೂ ಬಾರದೆ ಇರುವುದೇ ಹೆಚ್ಚು. "ಸ್ಕ್ಯಾನ್ ಮಾಡಿದ್ವಿ, ಏನೂ ಇಲ್ಲ" ಅಂತ ಗಾಡಿ ವಾಪಸ್ ಕೊಟ್ಟರೆ ಅಲ್ಲಿಗೆ ಬಿಡಬೇಡಿ. ಓಡುವ ಗಾಡಿಯಲ್ಲಿ ಲೈವ್ ಡೇಟಾ ನೋಡಿಸಿ. ಬೇಕಾದ್ದು ಎಂಜಿನ್ ಆರ್‌ಪಿಎಂ ಮತ್ತು ಟರ್ಬೈನ್ (ಕನ್ವರ್ಟರ್‌ನ ಗೇರ್‌ಬಾಕ್ಸ್ ಕಡೆಯ ಚಕ್ರ) ಆರ್‌ಪಿಎಂ, ಎರಡರ ನಡುವಿನ ವ್ಯತ್ಯಾಸವೇ ಸ್ಲಿಪ್. ಲಾಕ್‌ಅಪ್ ಹಿಡಿದ ಮೇಲೆ ಸ್ಲಿಪ್ ಸೊನ್ನೆಯ ಹತ್ತಿರವೋ ಕಂಪನಿ ಇಟ್ಟ ಸಣ್ಣ ಅಂಕಿಯ ಹತ್ತಿರವೋ ನಿಲ್ಲಬೇಕು. ಅದುರುವ ಹೊತ್ತಿಗೆ ಅದು ಮೇಲೆ ಕೆಳಗೆ ಹಾರಾಡಿದರೆ ಕಳ್ಳ ಸಿಕ್ಕ. ಸ್ಲಿಪ್ ಅಲುಗಾಡದೆ ನಿಂತಿದ್ದೂ ಗಾಡಿ ಅದುರಿದರೆ ಎಂಜಿನ್ನಿಗೆ ವಾಪಸ್ ಹೋಗಿ.

ಆಯಿಲ್ ನೋಡುವುದು

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್‌ಗೆ ಎಟಿಎಫ್ ಅನ್ನುತ್ತಾರೆ. ಇದು ಬರೀ ನಯ ಕೊಡುವ ಎಣ್ಣೆ ಅಲ್ಲ. ಇದೇ ಶಕ್ತಿ ಸಾಗಿಸುತ್ತದೆ, ಇದೇ ಒತ್ತಡ ಕೊಟ್ಟು ಕ್ಲಚ್ ಹಿಡಿಸುತ್ತದೆ, ಇದೇ ತಂಪು ಮಾಡುತ್ತದೆ. ಅಷ್ಟು ಕೆಲಸ ಮಾಡುವ ಎಣ್ಣೆ ಜೀವಮಾನವಿಡೀ ಬದಲಾಯಿಸಬೇಕಿಲ್ಲ ಅಂತ ಕೆಲವು ಸರ್ವೀಸ್ ಪುಸ್ತಕಗಳು ಹೇಳುವುದು ನನಗೆ ಒಪ್ಪಿಗೆಯಿಲ್ಲ. ಬಿಎಂಡಬ್ಲ್ಯೂ ಸೇರಿ ಹಲವು ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜೆಡ್‌ಎಫ್ ಕಂಪನಿಯೇ ತನ್ನ ಗೇರ್‌ಬಾಕ್ಸ್‌ಗಳಿಗೆ 80,000ದಿಂದ 1,20,000 ಕಿ.ಮೀ. ಒಳಗೆ, ತಪ್ಪಿದರೆ 8 ವರ್ಷಕ್ಕೆ ಆಯಿಲ್ ಬದಲಾಯಿಸಿ ಅನ್ನುತ್ತದೆ. ನಮ್ಮ ಸಿಲ್ಕ್ ಬೋರ್ಡ್, ಹೆಬ್ಬಾಳದ ಟ್ರಾಫಿಕ್‌ನಲ್ಲಿ ತೆವಳುವ ಗಾಡಿಯ ಆಯಿಲ್ ಇನ್ನೂ ಬೇಗ ಬೇಯುತ್ತದೆ. ಕಿಲೋಮೀಟರ್ ಕಡಿಮೆ ಇದ್ದರೂ ಎಂಜಿನ್ ಓಡಿದ ಗಂಟೆಗಳು ಜಾಸ್ತಿ ಅಲ್ವಾ?

ಮಟ್ಟ ನೋಡುವ ಕ್ರಮ ಬಹಳ ಮುಖ್ಯ. ಈಗಿನ ಹೆಚ್ಚಿನ ಗಾಡಿಗಳಲ್ಲಿ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಇಲ್ಲ. ಗೇರ್‌ಬಾಕ್ಸ್‌ನಲ್ಲಿ ಚೆಕ್ ಪ್ಲಗ್ ಇರುತ್ತದೆ. ಗಾಡಿ ಸಮತಟ್ಟಾಗಿ ಲಿಫ್ಟ್ ಮೇಲಿರಬೇಕು. ಬರೀ ಜಾಕ್ ಮೇಲೆ ಎತ್ತಿ ಕೆಳಗೆ ತೂರಬೇಡಿ. ಎಂಜಿನ್ ಓಡುತ್ತಿರುವಾಗ ಬ್ರೇಕ್ ಹಿಡಿದು ಪಿ, ಆರ್, ಎನ್, ಡಿ ಒಂದೊಂದರಲ್ಲೂ ಕೆಲವು ಸೆಕೆಂಡ್ ಇಟ್ಟು ಮತ್ತೆ ಪಿಗೆ ತರಬೇಕು. ಸ್ಕ್ಯಾನರ್‌ನಲ್ಲಿ ಆಯಿಲ್ ತಾಪಮಾನ ನೋಡುತ್ತಾ ಕಂಪನಿ ಹೇಳಿದ ಡಿಗ್ರಿಗೆ ಬಂದಾಗ ಚೆಕ್ ಪ್ಲಗ್ ಬಿಚ್ಚಬೇಕು. ಎಷ್ಟೋ ಗಾಡಿಗಳಲ್ಲಿ ಅದು 40ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, ನಿಮ್ಮ ಗಾಡಿಯ ಅಂಕಿ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿದೆ. ಆಯಿಲ್ ಸಣ್ಣ ಧಾರೆಯಾಗಿ ಬಂದರೆ ಮಟ್ಟ ಸರಿ. ಬಾರದಿದ್ದರೆ ಕಡಿಮೆಯಿದೆ. ಎಂಜಿನ್ ಬಂದ್ ಮಾಡಿ ಪ್ಲಗ್ ತೆಗೆದು ನೋಡಿದರೆ, ಅಥವಾ ಗೇರ್‌ಬಾಕ್ಸ್ ಕುದಿಯುವಷ್ಟು ಬಿಸಿ ಇರುವಾಗ ನೋಡಿದರೆ ಮಟ್ಟ ತಪ್ಪಾಗಿ ಕಾಣುತ್ತದೆ. ಆಯಿಲ್ ಬಿಸಿಗೆ ಹಿಗ್ಗುತ್ತದೆ. ಆಯಿಲ್ ಹಾಕಿದ ಮೇಲೆ ಹೊಸದಾಗಿ ಶಡರ್ ಶುರುವಾದ ಗಾಡಿಗಳಲ್ಲಿ ಮೊದಲು ಮಟ್ಟ, ಆಮೇಲೆ ಯಾವ ಆಯಿಲ್ ಹಾಕಿದ್ದಾರೆ ಅನ್ನುವುದನ್ನು ನೋಡಬೇಕು.

ಹೊರಬಂದ ಆಯಿಲನ್ನು ಬಿಳಿ ಕಾಗದದ ಮೇಲೆ ಹಾಕಿ. ಬಣ್ಣ ಕಂದಾಗಿದ್ದು ವಾಸನೆ ಸರಿಯಿದ್ದರೆ ಬರೀ ವಯಸ್ಸಾಗಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಬೆಂದಿದೆ. ಪ್ಯಾನ್ ಬಿಚ್ಚಿದರೆ ಅದರೊಳಗಿನ ಆಯಸ್ಕಾಂತ ನೋಡಿ. ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಮಾಮೂಲಿ, ಹೆದರಬೇಡಿ. ಕೈಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಆಯಿಲ್ ಬದಲಾಯಿಸಿ ಪ್ರಯೋಜನವಿಲ್ಲ.

ಆಯಿಲ್ ತಿಳಿಗುಲಾಬಿ ಬಣ್ಣಕ್ಕೆ ತಿರುಗಿ ಹಾಲಿನಂತೆ ಮಂದವಾಗಿದ್ದರೆ ನೀರು ಸೇರಿದೆ. ನೀರು ಬರುವುದು ಎರಡು ದಾರಿಯಲ್ಲಿ. ಕೆಲವು ಗಾಡಿಗಳಲ್ಲಿ ಗೇರ್‌ಬಾಕ್ಸ್ ಆಯಿಲ್ ತಂಪಾಗಲು ರೇಡಿಯೇಟರ್ ಒಳಗೇ ಹಾದುಹೋಗುತ್ತದೆ. ಆ ಗೋಡೆ ತೂತಾದರೆ ಕೂಲೆಂಟ್ ಒಳಗೆ ಬರುತ್ತದೆ. ಎರಡನೆಯದು ಮಳೆನೀರು. ಗೇರ್‌ಬಾಕ್ಸಿಗೆ ಉಸಿರಾಡಲು ಬ್ರೀದರ್ ಇರುತ್ತದೆ. ಗಾಡಿ ನೀರಲ್ಲಿ ಮುಳುಗಿದರೆ ನೀರು ಅಲ್ಲಿಂದ ಇಳಿಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ, ಬೆಳ್ಳಂದೂರು ಕಡೆ ಬೇಸ್‌ಮೆಂಟ್‌ಗಳಲ್ಲಿ ನಿಂತ ಕಾರುಗಳು ನೆನಪಿರಬಹುದು. ಅಂಥ ಗಾಡಿಯನ್ನು ಎಂಜಿನ್ ಆಯಿಲ್ ಮಾತ್ರ ಬದಲಾಯಿಸಿ ರಸ್ತೆಗೆ ತರಬಾರದು. ಕ್ಲಚ್ ಪ್ಲೇಟಿನ ಮೇಲಿನ ಪದರವನ್ನು ಅಂಟಿಸಿದ ಅಂಟನ್ನು ನೀರು ಬಿಡಿಸುತ್ತದೆ. ನಡುಕ ಆಮೇಲೆ ತಿಂಗಳುಗಳು ಕಳೆದ ಮೇಲೂ ಶುರುವಾಗಬಹುದು. ಸೆಕೆಂಡ್‌ಹ್ಯಾಂಡ್ ಆಟೋಮ್ಯಾಟಿಕ್ ಕೊಳ್ಳುವವರು ಗೇರ್‌ಬಾಕ್ಸ್ ಆಯಿಲ್‌ನ ಒಂದು ಹನಿ ನೋಡದೆ ದುಡ್ಡು ಕೊಡಬೇಡಿ.

ಆಯಿಲ್ ಬದಲಾಯಿಸಿ ಸರಿಪಡಿಸುವುದು

ಅಮೆರಿಕದಲ್ಲಿ ಜನರಲ್ ಮೋಟಾರ್ಸ್‌ನ 8 ಸ್ಪೀಡ್ ಗೇರ್‌ಬಾಕ್ಸ್‌ಗಳಲ್ಲಿ ಈ ಶಡರ್ ದೊಡ್ಡ ಸುದ್ದಿಯಾಗಿತ್ತು. ಹಗುರವಾದ ಕಾಲಿನಲ್ಲಿ ಸುಮಾರು 50ರಿಂದ 100 ಕಿ.ಮೀ. ವೇಗದ ನಡುವೆ ಗಾಡಿ ಅದುರುತ್ತಿತ್ತು. ಕಂಪನಿ ಕೊನೆಗೆ ಡೀಲರ್‌ಗಳಿಗೆ ಕೊಟ್ಟ ಸೂಚನೆ ಏನೆಂದರೆ, ಹಳೆಯ ಆಯಿಲ್ ಪೂರ್ತಿ ತೊಳೆದು ಬೇರೆ ಸೂತ್ರದ ಆಯಿಲ್ ತುಂಬಿ. ತಯಾರಕರೇ ಮೊದಲು ಆಯಿಲ್ ಬದಲಾಯಿಸಿ ನೋಡಿ ಅನ್ನುವಾಗ ನಾವು ಮೊದಲೇ ಗೇರ್‌ಬಾಕ್ಸ್ ಇಳಿಸುವುದು ಯಾಕೆ?

ಸುಮ್ಮನೆ ಡ್ರೈನ್ ಪ್ಲಗ್ ಬಿಚ್ಚಿದರೆ ಎಲ್ಲಾ ಆಯಿಲ್ ಬರುವುದಿಲ್ಲ. ಕನ್ವರ್ಟರ್ ಒಳಗಿನದು ಅಲ್ಲೇ ಉಳಿಯುತ್ತದೆ. ಗೇರ್‌ಬಾಕ್ಸ್‌ನಲ್ಲಿ ಒಟ್ಟು 7 ಲೀಟರ್ ಇದ್ದು ಒಂದು ಸಲಕ್ಕೆ 3 ಲೀಟರ್ ಬರುತ್ತದೆ ಅಂದುಕೊಳ್ಳಿ. ಒಂದು ಸಲ ಬದಲಾಯಿಸಿದರೆ ಹೊಸದು ಶೇ. 43 ಮಾತ್ರ. ನಡುವೆ ಓಡಿಸಿ ಎರಡನೇ ಸಲ ಮಾಡಿದರೆ ಶೇ. 67, ಮೂರನೇ ಸಲಕ್ಕೆ ಶೇ. 81. ಶಡರ್ ಇರುವ ಗಾಡಿಗೆ ಒಂದು ಸಲದ ಬದಲಾವಣೆ ಸಾಲದು. ಮೂರು ಸಲ ಮಾಡಿ, ಅಥವಾ ಕೂಲರ್ ಪೈಪಿಗೆ ಯಂತ್ರ ಜೋಡಿಸಿ ಪೂರ್ತಿ ಬದಲಾಯಿಸಿ. "ಆಯಿಲ್ ಹಾಕಿಸಿದೆ, ಏನೂ ಆಗಲಿಲ್ಲ" ಅನ್ನುವವರಲ್ಲಿ ಹಲವರು ಒಂದು ಸಲಕ್ಕೇ ನಿಲ್ಲಿಸಿರುತ್ತಾರೆ. ಫಿಲ್ಟರ್ ಪ್ಯಾನ್ ಕೆಳಗೆ ಸಿಗುವಂತಿದ್ದರೆ ಅದನ್ನೂ ಬದಲಾಯಿಸಿ.

ಯಾವ ಆಯಿಲ್ ಅನ್ನುವುದರಲ್ಲಿ ರಾಜಿ ಬೇಡ. ಟೊಯೋಟಾದ ಈಚಿನ ಆಟೋಮ್ಯಾಟಿಕ್‌ಗಳಿಗೆ ಡಬ್ಲ್ಯೂಎಸ್, ಹ್ಯುಂಡೈ ಮತ್ತು ಕಿಯಾದ 6 ಸ್ಪೀಡ್‌ಗೆ ಎಸ್‌ಪಿ-4, ಹೋಂಡಾದ ಟಾರ್ಕ್ ಕನ್ವರ್ಟರ್‌ಗೆ ಡಿಡಬ್ಲ್ಯೂ-1. ಮೂರರ ಹಿಡಿತದ ಗುಣ ಬೇರೆ ಬೇರೆ. "ಕೆಂಪು ಆಯಿಲ್ ಎಲ್ಲಾ ಒಂದೇ ಸಾರ್" ಅಂದರೆ ಅಲ್ಲಿಂದ ಗಾಡಿ ಹೊರಗೆ ತನ್ನಿ. ಬೆಂಗಳೂರಿನ ಜೆ.ಸಿ. ರೋಡಿನಂಥ ಕಡೆ ನೀವೇ ಕೊಂಡುಕೊಡುವುದಾದರೆ ಡಬ್ಬದ ಸೀಲ್, ಮೇಲೆ ಬರೆದ ಸ್ಪೆಸಿಫಿಕೇಷನ್ ಎರಡೂ ಓದಿ, ಬಿಲ್ ತೆಗೆದುಕೊಳ್ಳಿ.

ಬದಲಾಯಿಸಿದ ಮೇಲೆ ಸ್ಕ್ಯಾನರ್‌ನಲ್ಲಿ ಗೇರ್‌ಬಾಕ್ಸ್‌ನ ಅಡಾಪ್ಟೇಷನ್ ರೀಸೆಟ್ ಮಾಡಿಸಿ. ಹಳೆಯ ಆಯಿಲ್‌ಗೆ ಹೊಂದಿಕೊಂಡ ಒತ್ತಡದ ಲೆಕ್ಕವನ್ನು ಕಂಪ್ಯೂಟರ್ ಬಿಟ್ಟು ಹೊಸದಾಗಿ ಕಲಿಯಬೇಕು. ಅದೇ ದಿನ ತೀರ್ಪು ಬೇಡ. ಹೊಸ ಆಯಿಲ್ ಕ್ಲಚ್ ಪದರದೊಳಗೆ ಇಳಿಯಲು ಸಮಯ ಬೇಕು. ಸುಮಾರು 300 ಕಿ.ಮೀ. ಓಡಿಸಿ, ಅದೇ ರಸ್ತೆಯಲ್ಲಿ ಅದೇ ಪರೀಕ್ಷೆ ಮತ್ತೆ ಮಾಡಿ.

ಶಡರ್ ನಿಲ್ಲಿಸುವ ಸಣ್ಣ ಟ್ಯೂಬ್ ರಾಸಾಯನಿಕಗಳೂ ಸಿಗುತ್ತವೆ. ಹಿಡಿತದ ಗುಣ ಬದಲಾಯಿಸುವ ದ್ರವ ಅದು. ಹಾಕಿದ ಮೇಲೆ ನಡುಕ ನಿಂತರೆ ದೋಷ ಲಾಕ್‌ಅಪ್ ಕ್ಲಚ್‌ದೇ ಅಂತ ಖಚಿತವಾಗುತ್ತದೆ. ಆದರೆ ವಾರಂಟಿ ಇರುವ ಗಾಡಿಗೆ ಹಾಕಬೇಡಿ, ಸಿವಿಟಿಗೆ ಹಾಕಲೇಬೇಡಿ.

ಪೂರ್ತಿ ಆಯಿಲ್ ಬದಲಾದರೂ ನಡುಕ ಉಳಿದರೆ ಮುಂದಿನದು ಲಾಕ್‌ಅಪ್ ಸೊಲೆನಾಯ್ಡ್ ಮತ್ತು ಆಯಿಲ್ ಒತ್ತಡವನ್ನು ಹಂಚುವ ವಾಲ್ವ್ ಬಾಡಿ. ಇವು ಗೇರ್‌ಬಾಕ್ಸ್ ಇಳಿಸದೆಯೇ ಸಿಗುವ ಗಾಡಿಗಳು ಬಹಳ ಇವೆ. ಅದೂ ಸರಿಯಿದ್ದರೆ ಆಗ ಕನ್ವರ್ಟರ್. ಅದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು. ಇಳಿಸಿದಾಗ ಆಯಿಲ್ ಕೂಲರ್ ಮತ್ತು ಪೈಪ್ ತೊಳೆಸುವುದು ಮರೆಯಬೇಡಿ. ಹಳೆಯ ಕ್ಲಚ್ಚಿನ ಪುಡಿ ಅಲ್ಲೇ ಕೂತಿದ್ದರೆ ಹೊಸ ಕನ್ವರ್ಟರ್‌ಗೂ ಅದೇ ಗತಿ. ಗೇರ್ ಬದಲಾಗುವಾಗ ಆರ್‌ಪಿಎಂ ಸುಮ್ನೆ ಮೇಲೇರಿ ಗಾಡಿ ಎಳೆಯದೆ ಇದ್ದರೆ ಒಳಗಿನ ಕ್ಲಚ್‌ಗಳು ಸವೆದಿವೆ. ಆ ಹಂತದಲ್ಲಿ ಆಯಿಲ್ ಮೇಲೆ ದುಡ್ಡು ಹಾಕಬೇಡಿ, ಓವರ್‌ಹಾಲ್ ಅನ್ನುವ ಮಾತು ಅಲ್ಲಿ ನ್ಯಾಯವಾದದ್ದು.

ಸಿವಿಟಿ, ಡಿಸಿಟಿ, ಎಎಂಟಿ ಇದ್ದವರಿಗೆ

ಸಿವಿಟಿಯಲ್ಲಿ ಲೋಹದ ಬೆಲ್ಟ್ ಎರಡು ಪುಲ್ಲಿಗಳ ನಡುವೆ ಓಡುತ್ತದೆ. ಹೆಚ್ಚಿನವುಗಳಲ್ಲಿ ಟಾರ್ಕ್ ಕನ್ವರ್ಟರ್ ಕೂಡ ಇರುವುದರಿಂದ ಲಾಕ್‌ಅಪ್ ಶಡರ್ ಇಲ್ಲೂ ಬರುತ್ತದೆ. ಆದರೆ ಬೆಲ್ಟ್ ಜಾರುವ ನಡುಕ ಬೇರೆ. ಅದು ವೇಗ ಏರಿಸುವಾಗ ಬರುತ್ತದೆ, ಕೊರೆಯುವ ಸದ್ದೂ ಇರಬಹುದು. ಪುಲ್ಲಿಯ ಮೇಲೆ ಗೀರು ಬಿದ್ದರೆ ವಾಪಸ್ ಬರುವುದಿಲ್ಲ, ಆದ್ದರಿಂದ ತಡಮಾಡದೆ ತೋರಿಸಿ. ಸಿವಿಟಿಗೆ ಅದರದೇ ಆಯಿಲ್: ಹೋಂಡಾದ ಈಚಿನವಕ್ಕೆ ಎಚ್‌ಸಿಎಫ್-2, ನಿಸಾನ್‌ನ ಎಷ್ಟೋ ಗಾಡಿಗಳಿಗೆ ಎನ್‌ಎಸ್-3. ಮಾಮೂಲಿ ಎಟಿಎಫ್ ಹಾಕಿದರೆ ಬೆಲ್ಟ್ ಹಾಳು. 2000ದ ದಶಕದ ಹೋಂಡಾ ಸಿಟಿ ಸಿವಿಟಿಯಲ್ಲಿ ಕನ್ವರ್ಟರ್ ಬದಲು ಸ್ಟಾರ್ಟ್ ಕ್ಲಚ್ ಇತ್ತು. ನಿಂತಲ್ಲಿಂದ ಹೊರಡುವಾಗ ಅದುರುವುದು ಅದರ ಹಳೆಯ ಕಾಯಿಲೆ. ಆಯಿಲ್ ಬದಲಾಯಿಸಿ ಸ್ಟಾರ್ಟ್ ಕ್ಲಚ್ ಕ್ಯಾಲಿಬ್ರೇಷನ್ ಮಾಡುವುದು ಮೊದಲ ಮದ್ದು.

ಒಣ ಕ್ಲಚ್ಚಿನ (ಕ್ಲಚ್ ಆಯಿಲ್‌ನಲ್ಲಿ ಮುಳುಗಿರದ) ಡಿಸಿಟಿಯಲ್ಲಿ ನಡುಕ ಬರುವುದು 1 ಮತ್ತು 2ನೇ ಗೇರ್‌ನಲ್ಲಿ, ಟ್ರಾಫಿಕ್‌ನಲ್ಲಿ ತೆವಳುವಾಗ. ಪೋಲೊ ಜಿಟಿಯ 7 ಸ್ಪೀಡ್ ಇಂಥದ್ದು. 2013ರಲ್ಲಿ ಬಂದ ಇಕೋಸ್ಪೋರ್ಟ್ ಪೆಟ್ರೋಲ್ ಆಟೋಮ್ಯಾಟಿಕ್‌ನ 6 ಸ್ಪೀಡ್ ಪವರ್‌ಶಿಫ್ಟ್ ಕೂಡ ಇದೇ ಜಾತಿ. ಪವರ್‌ಶಿಫ್ಟ್‌ನಲ್ಲಿ ಸೀಲ್ ಸೋರಿ ಆಯಿಲ್ ಒಣ ಕ್ಲಚ್ ಮೇಲೆ ಬೀಳುತ್ತಿತ್ತು. ಈ ಗೇರ್‌ಬಾಕ್ಸ್ ದೂರುಗಳನ್ನು ನಡೆಸಿಕೊಂಡ ರೀತಿಗೆ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ 2018ರಲ್ಲಿ ಅಲ್ಲಿನ ಫೋರ್ಡ್‌ಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಒಣ ಕ್ಲಚ್ ಇರುವವರು ತೆವಳುವುದನ್ನು ಕಡಿಮೆ ಮಾಡಿ. ಮುಂದಿನ ಗಾಡಿ ಸ್ವಲ್ಪ ದೂರ ಹೋಗಲಿ, ಆಮೇಲೆ ಒಂದೇ ಸಲಕ್ಕೆ ಹೊರಟು ಪೂರ್ತಿ ನಿಲ್ಲಿಸಿ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಲೇಬೇಡಿ. ನಡುಕ ಹೊಸದಾಗಿ ಶುರುವಾಗಿದ್ದರೆ ಕ್ಲಚ್ ಅಡಾಪ್ಟೇಷನ್ ಮಾಡಿಸಿ ನೋಡಿ, ಅದರಲ್ಲಿ ಹೋಗದಿದ್ದರೆ ಕ್ಲಚ್ ಸೆಟ್.

ಎಎಂಟಿ ಒಳಗೆ ಇರುವುದು ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ತುಳಿಯುವ, ಗೇರ್ ಹಾಕುವ ಕೆಲಸ ಯಂತ್ರ ಮಾಡುತ್ತದೆ, ಅಷ್ಟೇ. ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದಕ್ಕೆ ಹೋಗುವುದು ಅದರ ಸ್ವಭಾವ, ದೋಷ ಅಲ್ಲ. 1ನೇ ಗೇರ್‌ನಲ್ಲಿ ಹೊರಡುವಾಗ ಅದುರಿದರೆ ಮೊದಲು ಕ್ಲಚ್ ಹಿಡಿಯುವ ಜಾಗದ ಕ್ಯಾಲಿಬ್ರೇಷನ್, ಆಮೇಲೆ ಕ್ಲಚ್ ತುಳಿಯುವ ಆ ಯಂತ್ರದ, ಅಂದರೆ ಆಕ್ಚುಯೇಟರ್‌ನ ಪ್ರತ್ಯೇಕ ಆಯಿಲ್, ಕೊನೆಗೆ ಕ್ಲಚ್ ಪ್ಲೇಟ್. ಮ್ಯಾನ್ಯುಯಲ್ ಗಾಡಿಯಲ್ಲೂ ಹೊರಡುವಾಗಿನ ನಡುಕಕ್ಕೆ ಕ್ಲಚ್ ಪ್ಲೇಟ್ ಮೇಲೆ ಬಿದ್ದ ಆಯಿಲ್, ಸುಟ್ಟ ಕಲೆಯಾದ ಫ್ಲೈವೀಲ್, ಹರಿದ ಮೌಂಟಿಂಗ್ ಕಾರಣ. ಪ್ಲೇಟ್ ಬದಲಾಯಿಸುವಾಗ ಆಯಿಲ್ ಸೀಲ್ ಕೂಡ ಹೊಸದು ಹಾಕಿಸಿ.

ಗ್ಯಾರೇಜಿನಲ್ಲಿ

"ಗಾಡಿ ವೈಬ್ರೇಷನ್ ಬರ್ತಿದೆ" ಅಂತ ಜಾಬ್ ಕಾರ್ಡ್‌ನಲ್ಲಿ ಬರೆಸಬೇಡಿ. "ಅರ್ಧ ಗಂಟೆ ಓಡಿದ ಮೇಲೆ, 65 ಕಿ.ಮೀ. ವೇಗ, 5ನೇ ಗೇರ್, 1500 ಆರ್‌ಪಿಎಂ, ಹಗುರ ಆಕ್ಸಿಲರೇಟರ್, ಬ್ರೇಕ್ ಮುಟ್ಟಿದರೆ ನಿಲ್ಲುತ್ತದೆ" ಅಂತ ಬರೆಸಿ. ಟೆಸ್ಟ್ ಡ್ರೈವ್‌ಗೆ ನೀವೂ ಜೊತೆಗೆ ಹೋಗಿ, ಅದುರುವುದನ್ನು ಅವರಿಗೆ ತೋರಿಸಿಯೇ ಬನ್ನಿ. ವಾರಂಟಿ ಇದ್ದರೆ ಈ ಜಾಬ್ ಕಾರ್ಡ್ ಪ್ರತಿ ಜೋಪಾನ. ವಾರಂಟಿ ಮುಗಿಯುವ ಮೊದಲೇ ದೂರು ದಾಖಲಾಗಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಕೆಲಸ ಮುಗಿದ ಮೇಲೆ ಬಿಲ್‌ನಲ್ಲಿ ಆಯಿಲ್‌ನ ಪೂರ್ತಿ ಹೆಸರು, ಎಷ್ಟು ಲೀಟರ್ ಬಂತು, ಎಷ್ಟು ಲೀಟರ್ ಹಾಕಿದರು, ಎಷ್ಟು ಡಿಗ್ರಿಯಲ್ಲಿ ಮಟ್ಟ ನೋಡಿದರು, ಈ ನಾಲ್ಕೂ ಬರೆದಿರಬೇಕು. ಬರೆದಿಲ್ಲದಿದ್ದರೆ ಅಲ್ಲೇ ನಿಂತು ಬರೆಸಿಕೊಂಡು ಹೊರಡಿ.